125 ಕಿಲೋಮೀಟರ್ ದೂರ, ಒಂದಿಡೀ ದಿನದ ಅಂತರ

ಬೆಂಗಳೂರಿಂದ ಮೈಸೂರಿಗೆ ನಕ್ಷೆ ಮೇಲೆ ನೇರ ಗೆರೆ ಎಳೆದರೆ ಸುಮಾರು 125 ಕಿಲೋಮೀಟರ್. ಪೆಸಿಫಿಕ್ ಸಾಗರದ ನಡುವಿನ ಎರಡು ಊರುಗಳ ಮಧ್ಯೆಯೂ ಹೆಚ್ಚುಕಡಿಮೆ ಅಷ್ಟೇ ದೂರ. ಒಂದು ಆಪಿಯಾ, ಉಪೋಲು ದ್ವೀಪದಲ್ಲಿದೆ, ಸಮೋವಾ ದೇಶದ ರಾಜಧಾನಿ. ಇನ್ನೊಂದು ಪಾಗೋ ಪಾಗೋ, ಟುಟುಯಿಲಾ ದ್ವೀಪದಲ್ಲಿದೆ, ಅಮೆರಿಕನ್ ಸಮೋವಾಕ್ಕೆ ಸೇರಿದ್ದು. ಸಣ್ಣ ವಿಮಾನದಲ್ಲಿ ಮುಕ್ಕಾಲು ಗಂಟೆಯೂ ಬೇಡ. ಆದರೆ ಶನಿವಾರ ಬೆಳಿಗ್ಗೆ 10ಕ್ಕೆ ಆಪಿಯಾ ಬಿಟ್ಟವರು ಪಾಗೋ ಪಾಗೋದಲ್ಲಿ ಇಳಿಯೋದು ಶುಕ್ರವಾರ ಬೆಳಿಗ್ಗೆ! ಗಡಿಯಾರ ಬದಲಿಸಬೇಕಿಲ್ಲ, ಕ್ಯಾಲೆಂಡರ್ ಬದಲಿಸಬೇಕು.

ಇದೆಲ್ಲ ಭೂಮಿ ತಿರುಗೋದರ ಲೆಕ್ಕ ಅಂತ ನಾನೂ ಅಂದುಕೊಂಡಿದ್ದೆ. ಓದುತ್ತಾ ಹೋದರೆ, ಇದು ವ್ಯಾಪಾರದ ಲೆಕ್ಕ.

1892ರವರೆಗೆ ಇಡೀ ಸಮೋವಾ ಆಸ್ಟ್ರೇಲಿಯಾ ಕಡೆಯ ತಾರೀಕನ್ನೇ ಪಾಲಿಸುತ್ತಿತ್ತು. ಅಮೆರಿಕನ್ ವರ್ತಕರ ಒತ್ತಾಯಕ್ಕೆ ಆ ವರ್ಷ ಅಮೆರಿಕದ ತಾರೀಕಿಗೆ ಹೊರಳಿತು. ಹಾಗಾಗಿ ಅಲ್ಲಿ ಜುಲೈ 4 ಎರಡು ಸಲ ಬಂತು. 1899ರಲ್ಲಿ ಒಂದೇ ಭಾಷೆ ಆಡುವ ಈ ದ್ವೀಪಗಳನ್ನ ಹೊರಗಿನವರು ಹಂಚಿಕೊಂಡರು. ಪಶ್ಚಿಮದ್ದು ಜರ್ಮನಿಗೆ, ಒಳ್ಳೆ ಬಂದರಿದ್ದ ಟುಟುಯಿಲಾ ಅಮೆರಿಕಕ್ಕೆ. ಜರ್ಮನಿಯ ಪಾಲು 1914ರಲ್ಲಿ ನ್ಯೂಜಿಲೆಂಡ್ ಕೈಗೆ ಹೋಗಿ, 1962ರಲ್ಲಿ ಸ್ವತಂತ್ರವಾಯಿತು. ಇಷ್ಟಾದರೂ ಎರಡೂ ಕಡೆ ತಾರೀಕು ಮಾತ್ರ ಒಂದೇ ಇತ್ತು.

ಕಾಲ ಕಳೆದಂತೆ ಸಮೋವಾದ ವ್ಯವಹಾರ ನ್ಯೂಜಿಲೆಂಡ್, ಆಸ್ಟ್ರೇಲಿಯಾ ಜೊತೆ ಬೆಳೆಯಿತು. ಆಪಿಯಾದಲ್ಲಿ ಶುಕ್ರವಾರ ಅಂದರೆ ಅಲ್ಲಿ ಶನಿವಾರ, ಆಫೀಸ್ ಬಂದ್. ಇವರು ಭಾನುವಾರ ಚರ್ಚಿನಲ್ಲಿದ್ದಾಗ ಅಲ್ಲಿ ಸೋಮವಾರದ ಕೆಲಸ ಶುರು. ವಾರದಲ್ಲಿ ಎರಡು ದಿನ ಹೀಗೇ ನಷ್ಟ. ಕೊನೆಗೆ ಪ್ರಧಾನಿ ಟುಯಿಲಾಯೆಪಾ ಸರ್ಕಾರ ದೇಶವನ್ನೇ ದಿನಾಂಕ ರೇಖೆಯ ಆಚೆಗೆ ದಾಟಿಸಿತು. 2011ರ ಡಿಸೆಂಬರ್ 29, ಗುರುವಾರ ರಾತ್ರಿ ಮಲಗಿದವರು ಎದ್ದಿದ್ದು 31ರ ಶನಿವಾರ. ಕಾಣೆಯಾದ ಶುಕ್ರವಾರಕ್ಕೂ ನೌಕರರಿಗೆ ಸಂಬಳ ಸಿಕ್ಕಿತು. ಅವತ್ತು ಹುಟ್ಟುಹಬ್ಬ ಇದ್ದವರು ಏನು ಮಾಡಿದರೋ!

ನಮ್ಮಲ್ಲಿ ಕೋಡ್ ಬರೆಯುವವರು ಟೈಮ್‌ ಝೋನ್ ಡೇಟಾಬೇಸ್‌ನಲ್ಲಿ ಆಪಿಯಾ ತೆಗೆದು ನೋಡಿ. ಡಿಸೆಂಬರ್ 30 ಅನ್ನೋ ದಿನವೇ ಅಲ್ಲಿಲ್ಲ.

ಅಮೆರಿಕದ ಜೊತೆಗಿರುವ ಟುಟುಯಿಲಾ ಮಾತ್ರ ಹಳೇ ತಾರೀಕಲ್ಲೇ ಉಳೀತು. ಎರಡೂ ದ್ವೀಪಗಳಲ್ಲಿ ಹಂಚಿಹೋದ ಕುಟುಂಬಗಳಿವೆ. ಟುಟುಯಿಲಾದ ತಮ್ಮ ಭಾನುವಾರ ಬೆಳಿಗ್ಗೆ ಫೋನ್ ಮಾಡಿದರೆ ಉಪೋಲುವಿನ ಅಕ್ಕ ಸೋಮವಾರದ ಕೆಲಸದಲ್ಲಿರ್ತಾಳೆ. ದೂರ ಒಂದು ಕಿಲೋಮೀಟರೂ ಹೆಚ್ಚಿಲ್ಲ, ರಜೆ ಮಾತ್ರ ಕೂಡಿ ಬರಲ್ಲ.

ಯುಗಾದಿ ದಿನ ಅಮ್ಮ ಫೋನ್ ಮಾಡಿದಾಗ "ಕ್ಲೈಂಟ್ ಕಾಲ್‌ನಲ್ಲಿದ್ದೀನಿ, ಆಮೇಲೆ ಮಾಡ್ತೀನಿ" ಅಂದ ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಮುಂದಿನ ವಾರ ಸಿಗೋಣ.