ಎರಡು ಹನಿ ರಕ್ತದ ಸಾಕ್ಷ್ಯ

ಇಂದು ಅನೇಕ ಆಸ್ಪತ್ರೆಗಳ ತೀವ್ರ ನಿಗಾ ಘಟಕಗಳಲ್ಲಿ ಅಂಗೈಯಲ್ಲಿ ಹಿಡಿಯಬಹುದಾದ ಪುಟ್ಟ ಯಂತ್ರವೊಂದಿರುತ್ತದೆ. ಎರಡು ಮೂರು ಹನಿ ರಕ್ತ ಹಾಕಿದರೆ ಸಾಕು, ಅದರಲ್ಲಿ ಆಮ್ಲಜನಕವೆಷ್ಟು, ಇಂಗಾಲದ ಡೈಆಕ್ಸೈಡ್ ಎಷ್ಟು, ಆಮ್ಲೀಯತೆ ಎಷ್ಟು ಎಂಬುದನ್ನು ಸುಮಾರು ಎರಡು ನಿಮಿಷಗಳಲ್ಲಿ ತಿಳಿಸುತ್ತದೆ. ರೋಗಿಗೆ ಕೃತಕ ಉಸಿರಾಟ ಬೇಕೇ ಬೇಡವೇ ಎಂಬ ತೀರ್ಮಾನ ಎಷ್ಟೋ ಸಲ ಈ ಅಂಕಿಗಳ ಮೇಲೆ ನಿಂತಿರುತ್ತದೆ. ಹಾಗಾದರೆ ಇವುಗಳನ್ನು ಎಷ್ಟರಮಟ್ಟಿಗೆ ನಂಬಬಹುದು? ಇದಕ್ಕೆ ಉತ್ತರ ಬೇಕಾದರೆ ಈ ಪರೀಕ್ಷೆ ಹುಟ್ಟಿದ ಕಥೆಯನ್ನು ತಿಳಿಯಬೇಕು.

1952ರ ಬೇಸಿಗೆಯಲ್ಲಿ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಮಹಾಮಾರಿ ಹರಡಿತು. ಅಲ್ಲಿನ ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ಮೊದಲ ಕೆಲವು ವಾರಗಳಲ್ಲಿ ಉಸಿರಾಟದ ಸ್ನಾಯುಗಳು ಸೋತಿದ್ದ 31 ರೋಗಿಗಳ ಪೈಕಿ 27 ಮಂದಿ ಸತ್ತರು. ಸಾಯುವ ಮುನ್ನ ಅವರ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್‌ನ ಒಟ್ಟು ಪ್ರಮಾಣ ಹೆಚ್ಚಾಗಿರುವುದು ಪ್ರಯೋಗಾಲಯದಲ್ಲಿ ಕಂಡುಬಂದಿತ್ತು. ರಕ್ತ ಕ್ಷಾರೀಯವಾಗಿರುವುದೇ ಇದಕ್ಕೆ ಕಾರಣವೆಂದು ವೈದ್ಯರು ಭಾವಿಸಿದ್ದರು.

ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಇದನ್ನು ಒಪ್ಪಲಿಲ್ಲ. ರೋಗಿಗಳು ಉಸಿರನ್ನು ಸರಿಯಾಗಿ ಹೊರಬಿಡಲಾರದೆ ಅನಿಲವು ಒಳಗೇ ಉಳಿದಿದೆ, ಆದ್ದರಿಂದ ರಕ್ತ ಆಮ್ಲೀಯವಾಗಿರಬೇಕು ಎಂಬುದು ಅವರ ವಾದ. ಆಗಸ್ಟ್ 27ರಂದು 12 ವರ್ಷದ ಬಾಲಕಿಯೊಬ್ಬಳ ಗಂಟಲಿನ ಕೆಳಗೆ ರಂಧ್ರ ಮಾಡಿ, ನಳಿಕೆ ಇಟ್ಟು, ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಉಸಿರು ಕೊಟ್ಟರು. ಬಾಲಕಿ ಚೇತರಿಸಿಕೊಂಡಳು. ಪ್ರಯೋಗಾಲಯದ ಮುಖ್ಯಸ್ಥ ಪೌಲ್ ಆಸ್ಟ್ರುಪ್ ರಕ್ತದ ಪಿಎಚ್ ಅಳೆದಾಗ ಇಬ್ಸೆನ್ ಹೇಳಿದ್ದೇ ನಿಜವಾಯಿತು. ಮುಂದೆ ಸುಮಾರು 1,500 ವೈದ್ಯ ವಿದ್ಯಾರ್ಥಿಗಳು ಸರದಿಯಂತೆ ಹಗಲಿರುಳು ಚೀಲ ಒತ್ತಿ ರೋಗಿಗಳನ್ನು ಉಳಿಸಿದರು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಪ್ರಯೋಗಾಲಯ ಕೊಟ್ಟ ಮೊದಲ ಅಂಕಿ ಸುಳ್ಳಾಗಿರಲಿಲ್ಲ. ಅದಕ್ಕೆ ಕಟ್ಟಿದ ಅರ್ಥ ತಪ್ಪಾಗಿತ್ತು.

ಅನಂತರ ಬೆಳವಣಿಗೆಗಳು ವೇಗವಾಗಿ ನಡೆದವು. ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಪ್ಲಾಟಿನಮ್ ವಿದ್ಯುದ್ವಾರಕ್ಕೆ ತೆಳುವಾದ ಪ್ಲಾಸ್ಟಿಕ್ ಪೊರೆ ಹೊದಿಸಿ ಆಮ್ಲಜನಕವನ್ನು ಅಳೆಯುವ ಸಾಧನವನ್ನು 1956ರಲ್ಲಿ ಪ್ರಕಟಪಡಿಸಿದರು. ರಿಚರ್ಡ್ ಸ್ಟೋ ಅವರ ಕಲ್ಪನೆಯನ್ನು ಸುಧಾರಿಸಿದ ಜಾನ್ ಸೆವೆರಿಂಗ್‌ಹಾಸ್, 1958ರ ಹೊತ್ತಿಗೆ ಎರಡೂ ಅನಿಲಗಳನ್ನು ಅಳೆಯುವ ಸಾಧನವನ್ನು ಸಿದ್ಧಪಡಿಸಿದರು. 1973ರಲ್ಲಿ ಡೆನ್ಮಾರ್ಕಿನ ರೇಡಿಯೋಮೀಟರ್ ಸಂಸ್ಥೆಯ ಸ್ವಯಂಚಾಲಿತ ಯಂತ್ರ ಬಂತು. 1992ರಲ್ಲಿ ಐ-ಸ್ಟಾಟ್ ಎಂಬ ಕೈಯಂತ್ರ ಮಾರುಕಟ್ಟೆಗೆ ಬಂದು, ಪ್ರಯೋಗಾಲಯವೇ ರೋಗಿಯ ಹಾಸಿಗೆಯ ಬಳಿಗೆ ನಡೆದು ಬಂದಂತಾಯಿತು.

ನಮ್ಮ ಸ್ಟುಡಿಯೋದಲ್ಲಿ ಚಿತ್ರೀಕರಣಕ್ಕೆ ಮುನ್ನ ಕ್ಯಾಮೆರಾಕ್ಕೆ ಬಿಳಿ ಹಾಳೆ ತೋರಿಸುತ್ತೇವೆ. ಬಿಳಿ ಯಾವುದೆಂದು ಅದಕ್ಕೆ ಮೊದಲೇ ತಿಳಿಸದಿದ್ದರೆ ಅತಿಥಿಗಳ ಮುಖ ನೀಲಿಗಟ್ಟೀತು. ಈ ಕೈಯಂತ್ರವೂ ಹಾಗೆಯೇ. ಒಮ್ಮೆ ಬಳಸಿ ಎಸೆಯುವ ಅದರ ಕಾರ್ಟ್ರಿಡ್ಜ್‌ನೊಳಗೆ ಮೊದಲೇ ಗೊತ್ತಿರುವ ಪ್ರಮಾಣದ ದ್ರವವಿರುತ್ತದೆ. ಯಂತ್ರ ಅದನ್ನು ಅಳೆದು ನೋಡಿ, ಆಮೇಲೆ ರಕ್ತವನ್ನು ಅಳೆಯುತ್ತದೆ. ಆದರೆ ಹಾಳೆ ತೋರಿಸಿದ ಮೇಲೆ ಯಾರಾದರೂ ದೀಪ ಬದಲಿಸಿದರೆ ಅದು ಕ್ಯಾಮೆರಾದ ತಪ್ಪಲ್ಲ, ಅಲ್ಲವೇ?

ರಕ್ತ ಪರೀಕ್ಷೆಯಲ್ಲಿ ದೀಪ ಬದಲಾಗುವುದು ಹೆಚ್ಚಾಗಿ ಸಿರಿಂಜಿನಲ್ಲಿ. ಅದರೊಳಗೆ ಗಾಳಿಯ ಗುಳ್ಳೆ ಉಳಿದರೆ ಆಮ್ಲಜನಕ ಕಡಿಮೆಯಿರುವ ರಕ್ತದಲ್ಲೂ ಅದು ಹೆಚ್ಚಾಗಿ ಕಾಣುತ್ತದೆ. ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಕಾಣುತ್ತದೆ. ರಕ್ತವನ್ನು ತೆಗೆದಿಟ್ಟು ತಡಮಾಡಿದರೆ ರಕ್ತಕಣಗಳು ಸಿರಿಂಜಿನಲ್ಲೂ ಆಮ್ಲಜನಕವನ್ನು ಬಳಸುತ್ತಲೇ ಇರುತ್ತವೆ. ಹೆಪ್ಪುಗಟ್ಟದಿರಲೆಂದು ಹಾಕುವ ದ್ರವ ಹೆಪಾರಿನ್ ಅತಿಯಾದರೆ ರಕ್ತ ತೆಳುವಾಗುತ್ತದೆ. ಅಪಧಮನಿಯ ಬದಲು ಅಭಿಧಮನಿಯಿಂದ ರಕ್ತ ಬಂದಿದ್ದರೆ ಅಂಕಿಗಳೇ ಬೇರೆ.

ಯಂತ್ರಕ್ಕೂ ತನ್ನದೇ ಮಿತಿಗಳಿವೆ. ಐ-ಸ್ಟಾಟ್ ಕಾರ್ಟ್ರಿಡ್ಜ್‌ಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಯಂತ್ರ ಕೆಲಸ ಮಾಡುವುದು 16ರಿಂದ 30 ಡಿಗ್ರಿಯೊಳಗೆ. ಏಪ್ರಿಲ್ ತಿಂಗಳ ರಾಯಚೂರಿನ ಬಿಸಿಲಲ್ಲಿ ನಿಂತ ವಾಹನದೊಳಗೆ ಅದರಿಂದ ನಿಖರತೆಯನ್ನು ನಿರೀಕ್ಷಿಸುವಂತಿಲ್ಲ. ಕೆಂಪುಕಣಗಳ ಪಾಲನ್ನು ಅದು ವಿದ್ಯುತ್ ವಾಹಕತೆಯಿಂದ ಲೆಕ್ಕಹಾಕುವುದರಿಂದ, ರಕ್ತದಲ್ಲಿ ಪ್ರೋಟೀನ್ ಕಡಿಮೆಯಿದ್ದರೆ ಆ ಅಂಕಿ ಇಳಿದು ಕಾಣುತ್ತದೆ. ಅನವಶ್ಯಕವಾಗಿ ರಕ್ತ ಕೊಡುವ ಸಂದರ್ಭವೂ ಒದಗಬಹುದು. ರಕ್ತದ ಆಮ್ಲಜನಕ ಸಂತೃಪ್ತಿಯೂ ಅದರಲ್ಲಿ ಅಳತೆಯಲ್ಲ, ಲೆಕ್ಕಾಚಾರ. ಹೊಗೆ ಕುಡಿದು ಕಾರ್ಬನ್ ಮಾನಾಕ್ಸೈಡ್ ವಿಷಕ್ಕೆ ಒಳಗಾದವನಲ್ಲೂ ಅದು ಸಹಜವೆಂದೇ ತೋರಬಹುದು.

ಇಷ್ಟಾದರೂ ಕೈಯಂತ್ರವನ್ನು ತಳ್ಳಿಹಾಕಬೇಕಿಲ್ಲ. ಸರಿಯಾಗಿ ತೆಗೆದ ರಕ್ತವನ್ನು ಸರಿಯಾದ ಉಷ್ಣತೆಯಲ್ಲಿ ಪರೀಕ್ಷಿಸಿದರೆ ಅನಿಲಗಳು ಮತ್ತು ಪಿಎಚ್ ವಿಷಯದಲ್ಲಿ ಅದು ಚಿಕಿತ್ಸೆಗೆ ಸಾಕಷ್ಟು ನಂಬಿಕೆಗೆ ಅರ್ಹವೇ. ಅಂಕಿ ಒಂದು ಹೇಳಿ, ರೋಗಿಯ ಮುಖ ಇನ್ನೊಂದು ಹೇಳಿದಾಗ ಮತ್ತೊಮ್ಮೆ ರಕ್ತ ತೆಗೆದು, ಪ್ರಯೋಗಾಲಯದ ದೊಡ್ಡ ಯಂತ್ರದಲ್ಲಿ ಹೋಲಿಸಿ ನೋಡುವುದು ವಿವೇಕ. ಇಬ್ಸೆನ್ ಅಂದು ಮಾಡಿದ್ದೂ ಬಹುಮಟ್ಟಿಗೆ ಇದನ್ನೇ: ವರದಿಯ ಹಾಳೆಯನ್ನು ಓದಿದರು, ಆಮೇಲೆ ಉಸಿರಿಗಾಗಿ ಒದ್ದಾಡುತ್ತಿದ್ದ ರೋಗಿಯನ್ನೂ ನೋಡಿದರು.