ಬ್ರಾಜೋಸ್ ದಂಡೆಯ ಮನೆತನದ ಕಥೆಗಳು

ಟೆಕ್ಸಸ್‌ನ ಶುಗರ್ ಲ್ಯಾಂಡ್ ಬಳಿ ಹರಿಯುವ ಬ್ರಾಜೋಸ್ ನದಿಯಗುಂಟ ಮೇಲಕ್ಕೆ ಸಾಗಿದರೆ ಬ್ರಯನ್ ಊರಿನ ಸೀಮೆ ಸಿಗುತ್ತದೆ. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಇಟಲಿಯ ಸಿಸಿಲಿ ದ್ವೀಪದ ಪೊಜ್ಜೊರೆಯಾಲೆ, ಕೊರ್ಲಿಯೋನೆ, ಸಲಪರೂತ ಊರುಗಳ ರೈತರು ಅಲ್ಲಿ ಬಂದು ನೆಲೆ ನಿಂತರು. ನೆರೆಗೆ ಮುಳುಗುತ್ತದೆಂದು ಉಳಿದವರು ಬಿಟ್ಟಿದ್ದ ತಗ್ಗಿನ ಜಮೀನನ್ನು ಅಗ್ಗಕ್ಕೆ ಕೊಂಡು ಹತ್ತಿ, ಮೆಕ್ಕೆಜೋಳ ಬೆಳೆದರು. ಟೆಕ್ಸಸ್‌ನ ಇಟಾಲಿಯನ್ನರು ಮನೆತನದ ನೆನಪನ್ನು ಕಾಪಾಡಿಕೊಂಡ ಬಗೆ ಹೇಗೆ ಬದಲಾಗುತ್ತ ಬಂತೆಂದು ತಿಳಿಯಲು ಈ ಕುಟುಂಬಗಳಿಂದಲೇ ಶುರುಮಾಡಬೇಕು.

ಮೊದಲ ತಲೆಮಾರಿಗೆ ಬರವಣಿಗೆಯ ಹಂಗಿರಲಿಲ್ಲ. ಮಾರ್ಚ್ 19ರ ಸಂತ ಜೋಸೆಫನ ಹಬ್ಬವೇ ಅವರ ನೆನಪಿನ ಭಂಡಾರ. ಕಾಯಿಲೆ ವಾಸಿಯಾದರೆ, ಮಗ ಯುದ್ಧದಿಂದ ಜೀವಂತ ಮರಳಿದರೆ ಹರಕೆ ತೀರಿಸಲು ಮನೆಯಲ್ಲೇ ಮೂರು ಮೆಟ್ಟಿಲಿನ ಪೀಠ ಕಟ್ಟುತ್ತಿದ್ದರು. ಉಪವಾಸದ ಕಾಲವಾದ್ದರಿಂದ ಮಾಂಸವಿಲ್ಲ. ಜೋಸೆಫ್ ಬಡಗಿಯಲ್ಲವೇ, ಹಾಗಾಗಿ ಗರಗಸ, ಸುತ್ತಿಗೆಯ ಆಕಾರದ ಬ್ರೆಡ್ಡು; ಪಾಸ್ತಾದ ಮೇಲೆ ಮರದ ಹೊಟ್ಟಿನಂತೆ ಉದುರಿಸಿದ ಹುರಿದ ಬ್ರೆಡ್ಡಿನ ಪುಡಿ. ಜೋಸೆಫ್, ಮೇರಿ, ಬಾಲಯೇಸುವಿನ ಪವಿತ್ರ ಕುಟುಂಬದ ವೇಷ ತೊಟ್ಟ ಮಕ್ಕಳು ಬಾಗಿಲು ಬಡಿದು ಆಶ್ರಯ ಕೇಳಬೇಕು, ಎರಡು ಸಲ ಇಲ್ಲವೆನ್ನಿಸಿಕೊಂಡು ಮೂರನೆಯ ಸಲ ಒಳಗೆ ಬರಬೇಕು. ಆಮೇಲೆ ಬಂದವರಿಗೆಲ್ಲ ಊಟ. ಯಾರ ಹರಕೆ, ಯಾಕೆ ಹೊತ್ತದ್ದು ಎಂದು ಹೇಳುವಾಗ ಮನೆತನದ ಕಥೆ ತಾನಾಗಿ ಮಕ್ಕಳ ಕಿವಿಗೆ ಬೀಳುತ್ತಿತ್ತು.

ಈ ಎಳೆಗೆ ದೊಡ್ಡ ಪೆಟ್ಟು ಬಿದ್ದದ್ದು ಎರಡನೇ ಮಹಾಯುದ್ಧದಲ್ಲಿ. ಪೌರತ್ವ ಪಡೆಯದ ಸುಮಾರು 6 ಲಕ್ಷ ಇಟಾಲಿಯನ್ನರನ್ನು ಅಮೆರಿಕ ಸರ್ಕಾರ ಶತ್ರುದೇಶದವರೆಂದು ಪಟ್ಟಿ ಮಾಡಿತು. 1942ರ ಅಕ್ಟೋಬರಿನಲ್ಲಿ ಆ ಹಣೆಪಟ್ಟಿ ತೆಗೆದರೂ ಭಯ ಉಳಿಯಿತು. ಮಕ್ಕಳೊಡನೆ ಸಿಸಿಲಿಯ ಭಾಷೆಯಲ್ಲಿ ಮಾತಾಡುವುದನ್ನೇ ನಿಲ್ಲಿಸಿದ ಮನೆಗಳೆಷ್ಟೋ. ಕಳೆದ ಕಾಗದಪತ್ರದ ನಕಲು ಎಲ್ಲೋ ಸಿಕ್ಕೀತು. ಆದರೆ ಅಜ್ಜಿಯ ಮಾತೇ ಅರ್ಥವಾಗದ ಮೊಮ್ಮಗ ಅವಳಲ್ಲಿ ಏನನ್ನು ಕೇಳಿಯಾನು?

ಅತ್ತ ಸಿಸಿಲಿಯಲ್ಲಿ 1968ರ ಜನವರಿಯಲ್ಲಿ ಬೆಲಿಚೆ ಕಣಿವೆಯ ಭೂಕಂಪಕ್ಕೆ ಪೊಜ್ಜೊರೆಯಾಲೆ ಹಾಳಾಯಿತು. ಹೊಸ ಊರನ್ನು ಬೇರೆಡೆ ಕಟ್ಟಿದರು, ಹಳೆಯದು ಇಂದಿಗೂ ಪಾಳು. ಇತ್ತ ಟೆಕ್ಸಸ್‌ನಲ್ಲಿ ಅದೇ ವರ್ಷ ಸ್ಯಾನ್ ಆಂಟೋನಿಯೊದಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಟೆಕ್ಸನ್ ಕಲ್ಚರ್ಸ್ ಎಂಬ ಸಂಗ್ರಹಾಲಯ ಬಾಗಿಲು ತೆರೆದು, ಮುಂದೆ ಟೆಕ್ಸಸ್‌ನ ಇಟಾಲಿಯನ್ನರ ಬಗ್ಗೆಯೂ ಪುಸ್ತಕ ತಂದಿತು. 1970ರಲ್ಲಿ ವೇಕೊದ ಬೇಲರ್ ವಿಶ್ವವಿದ್ಯಾಲಯ ಮೌಖಿಕ ಇತಿಹಾಸದ ಕೆಲಸ ಆರಂಭಿಸಿತು. ಅಲೆಕ್ಸ್ ಹೇಲಿಯ 'ರೂಟ್ಸ್' ಕಾದಂಬರಿ 1976ರಲ್ಲಿ ಬಂದ ಮೇಲಂತೂ ಬೇರು ಹುಡುಕುವ ಹಂಬಲ ದೇಶಕ್ಕೆಲ್ಲ ಹಬ್ಬಿತು. ವ್ಯಾಲೆಂಟೈನ್ ಬೆಲ್ಫಿಲಿಯೊ 1983ರಲ್ಲಿ ಟೆಕ್ಸಸ್ ಇಟಾಲಿಯನ್ನರ ಇತಿಹಾಸ ಬರೆದರು. ಬೆಲೆಯುಳ್ಳ ಕೆಲಸಗಳೇ. ಆದರೆ ಆ ಕಾಲದ ಇಂಥ ಬರಹಗಳಲ್ಲಿ ಗೆದ್ದ ವ್ಯಾಪಾರಿಗಳಿಗೆ, ಮುಖಂಡರಿಗೆ ಸಿಕ್ಕ ಜಾಗ ಹತ್ತಿ ಬಿಡಿಸಿದ ಹೆಂಗಸರಿಗೆ ಸಿಗಲಿಲ್ಲ.

ಆಮೇಲಿನದು ದಾಖಲೆಗಳ ಯುಗ. ಸಿಸಿಲಿಯಲ್ಲಿ ಜನನ, ಮದುವೆ, ಮರಣಗಳ ಸರ್ಕಾರಿ ನೋಂದಣಿ 1820ರಿಂದ ಇದೆ. ಅಮೆರಿಕದ ಯೂಟಾ ರಾಜ್ಯದ ವಂಶಾವಳಿ ಸಂಘ 1938ರಲ್ಲೇ ಹಳೆಯ ದಾಖಲೆಗಳ ಮೈಕ್ರೋಫಿಲ್ಮ್ ತೆಗೆಯತೊಡಗಿತ್ತು. 2011ರಿಂದ ಇಟಲಿಯ 'ಅಂತೆನಾತಿ' ಜಾಲತಾಣದಲ್ಲಿ ಇಂಥ ಪುಟಗಳನ್ನು ಪುಕ್ಕಟೆ ನೋಡಬಹುದು. ಹ್ಯೂಸ್ಟನ್ನಿನ ಕ್ಲೇಟನ್ ಗ್ರಂಥಾಲಯ ಇಡಿಯಾಗಿ ವಂಶಾವಳಿಗೇ ಮೀಸಲು. ಹುಡುಕಾಟ ಸಲೀಸೇನಲ್ಲ. ಮೊದಲ ಮಗನಿಗೆ ತಂದೆಯ ತಂದೆಯ ಹೆಸರಿಡುವ ಪದ್ಧತಿ ನಮ್ಮಂತೆ ಅಲ್ಲಿಯೂ ಉಂಟು. ಒಬ್ಬ ಅಜ್ಜನ ಹೆಸರು ಹೊತ್ತ ನಾಲ್ಕೈದು ಮೊಮ್ಮಕ್ಕಳು ಒಂದೇ ಊರಿನಲ್ಲಿ ಸಿಗುತ್ತಾರೆ. ತಾಯಿಯ ಹೆಸರು ನೋಡಿಯೇ ಬೇರ್ಪಡಿಸಬೇಕು. ಮದುವೆಯಾದ ಮೇಲೂ ಹೆಣ್ಣಿನ ತವರಿನ ಹೆಸರು ಕಡತದಲ್ಲಿ ಹಾಗೇ ಉಳಿಯುವುದು ದೊಡ್ಡ ಉಪಕಾರ. ವಂಶದ ಆಧಾರದ ಮೇಲೆ ಇಟಲಿಯ ಪೌರತ್ವ ಪಡೆಯುವ ಹಕ್ಕಿಗಾಗಿ ಕಡತ ಕೆದಕಿದವರೂ ಬಹಳ. 2025ರ ಕಾನೂನು ಆ ಹಕ್ಕನ್ನು ಹೆಚ್ಚುಕಡಿಮೆ ಅಜ್ಜ-ಅಜ್ಜಿಯರ ತಲೆಮಾರಿಗೇ ನಿಲ್ಲಿಸಿತು. ಆ ಓಟದಲ್ಲಿ ಪ್ರಮಾಣಪತ್ರಗಳು ರಾಶಿ ಬಿದ್ದವು, ಕಥೆಗಳು ಅಷ್ಟಾಗಿ ಸೇರಲಿಲ್ಲವೆಂಬುದು ನನ್ನ ಅನಿಸಿಕೆ.

ಹೇಳುವವರೂ ಮನೆತನದ ಕಡತವೂ ಇಲ್ಲವಾದರೆ ಏನಾಗುತ್ತದೆಂದು ಶುಗರ್ ಲ್ಯಾಂಡ್ 2018ರಲ್ಲಿ ಕಂಡಿತು. ಶಾಲೆಯ ಕಟ್ಟಡಕ್ಕೆಂದು ಅಗೆದಾಗ 95 ಕರಿಯರ ಗೋರಿಗಳು ಸಿಕ್ಕವು. ಕೈದಿಗಳನ್ನು ಕಬ್ಬಿನ ತೋಟಗಳಿಗೆ ಬಾಡಿಗೆಗೆ ಕೊಡುತ್ತಿದ್ದ ಕಾಲದವರು, ಅವರಲ್ಲೊಬ್ಬಳು ಹೆಂಗಸು. ಅವರ ಹೆಸರುಗಳನ್ನು ಜೈಲಿನ ಹಳೆಯ ಪಟ್ಟಿಗಳಿಂದ, ಡಿಎನ್‌ಎಯಿಂದ ಹುಡುಕಬೇಕಾಗಿ ಬಂತು.

ಇದೇ ಊರಿನ ಕನ್ನಡ ಕುಟುಂಬಗಳ ಸ್ಥಿತಿ ಬೇರೆ. ಕಡಲು ದಾಟಿದ ಮೊದಲ ತಲೆಮಾರು ಇನ್ನೂ ಎದುರಿಗೇ ಇದೆ. ಹ್ಯೂಸ್ಟನ್ನಿನ ರೈಸ್ ವಿಶ್ವವಿದ್ಯಾಲಯ 2009ರಿಂದ ಏಷ್ಯನ್ ಅಮೆರಿಕನ್ನರ ಸಂದರ್ಶನಗಳನ್ನು ಸಂಗ್ರಹಿಸುತ್ತಿದೆ. ಆದರೂ ಕನ್ನಡದಲ್ಲೇ ಹೊರಡುವ ಮಾತನ್ನು ಮನೆಯವರೇ ಹಿಡಿದಿಡಬೇಕು. ಬಾಣಂತನಕ್ಕೆಂದು ತಾಯಿ ಊರಿನಿಂದ ಬಂದು ತಿಂಗಳುಗಟ್ಟಲೆ ಇರುವ ಸಮಯಕ್ಕಿಂತ ಒಳ್ಳೆಯ ಅವಕಾಶ ಯಾವುದು? 'ನಿನ್ನ ಜೀವನದ ಕಥೆ ಹೇಳಮ್ಮ' ಎಂದರೆ ಎರಡು ಮಾತಿಗೆ ನಿಲ್ಲುತ್ತದೆ. ಮದುವೆಯ ಗ್ರೂಪ್ ಫೋಟೊ ಕೈಗೆ ಕೊಟ್ಟು 'ಈ ಮೂಲೆಯಲ್ಲಿ ನಿಂತವರು ಯಾರು' ಎನ್ನಿ. ಜಮೀನು, ಜಗಳ, ಹಾವು ಕಚ್ಚಿದ ಚಿಕ್ಕಪ್ಪ, ಎಲ್ಲವೂ ಬರುತ್ತವೆ. ರೆಕಾರ್ಡಿಂಗ್ ಶುರುವಾದ ಕೂಡಲೇ ತಾರೀಖು, ಮಾತಾಡುವವರ ಪೂರ್ತಿ ಹೆಸರು, ಊರು, ತಾಲ್ಲೂಕು ಹೇಳಿಸಿ. ಒಂದು ಪ್ರತಿ ಇಲ್ಲಿರಲಿ, ಇನ್ನೊಂದು ಊರಿನ ಮನೆಗೆ ಹೋಗಲಿ.