ಹೇರೆತ್ತಿನ ಮೇಲೆ ನಿಂತ ನಂಬಿಕೆ: ಬಂಜಾರರೂ ಕಂಪನಿಯ ದಂಡೂ

ಒಂದು ಸಂಸ್ಥೆ ತನ್ನ ಸರಕಿನ ಸಾಗಣೆಯನ್ನೂ ದಾಸ್ತಾನನ್ನೂ ಮತ್ತೊಬ್ಬರ ಹೊಣೆಗೆ ಒಪ್ಪಿಸುವ ಪದ್ಧತಿಯನ್ನು ನಾವು ಈ ಕಾಲದ ವಾಣಿಜ್ಯದ ಉಪಾಯವೆಂದು ಭಾವಿಸುವುದುಂಟು. ನಮ್ಮ ಸಂಘದ ಸದಸ್ಯ ಬಂಧುಗಳಲ್ಲಿ ಕೆಲವರ ಜೀವನೋಪಾಯವೂ ಅದೇ ಆಗಿದೆ. ಇಂತಹ ಸಂಬಂಧ ಯಾವಾಗ ಫಲಿಸುತ್ತದೆ, ಯಾವಾಗ ಮುರಿಯುತ್ತದೆ ಎಂಬುದಕ್ಕೆ ನಮ್ಮ ನಾಡಿನ ಚರಿತ್ರೆಯಲ್ಲೇ ಒಂದು ಉತ್ತಮ ನಿದರ್ಶನವಿದೆ. ಅಲ್ಲಿ ಸರಕು ಒಪ್ಪಿಸಿದವರು ಈಸ್ಟ್ ಇಂಡಿಯಾ ಕಂಪನಿಯವರು. ಹೊತ್ತವರು ನಾವು ಲಂಬಾಣಿಗಳೆಂದು ಕರೆಯುವ ಬಂಜಾರರು.

ರೈಲು, ಗಾಡಿರಸ್ತೆಗಳಿಲ್ಲದ ಕಾಲದಲ್ಲಿ ದಖ್ಖನ್ನಿನ ಧಾನ್ಯ, ಉಪ್ಪುಗಳು ಹೇರೆತ್ತುಗಳ ಬೆನ್ನಮೇಲೆ ಸಾಗುತ್ತಿದ್ದವು. ಲಂಬಾಣಿ ಎಂಬ ಹೆಸರೇ ಲವಣದಿಂದ ಬಂದಿತೆಂಬ ಅಭಿಪ್ರಾಯವೂ ಇದೆ. 1632ರಲ್ಲಿ ಉತ್ತರ ಭಾರತದಲ್ಲಿ ಸಂಚರಿಸಿದ ಇಂಗ್ಲಿಷ್ ವ್ಯಾಪಾರಿ ಪೀಟರ್ ಮಂಡಿ, 14,000 ಎತ್ತುಗಳಿದ್ದ ಒಂದೇ ತಾಂಡಾವನ್ನು ಕಂಡುದಾಗಿ ಬರೆದಿದ್ದಾನೆ. ಬಂಜಾರರು ಬರಿಯ ಕೂಲಿ ಹೊರುವವರಲ್ಲ. ಧಾನ್ಯವನ್ನು ತಾವೇ ಕೊಂಡು, ಬೆಲೆ ಇರುವೆಡೆಗೆ ಸಾಗಿಸಿ ಮಾರುವ ವರ್ತಕರು. ಪ್ರತಿ ತಾಂಡಾಕ್ಕೂ ಒಬ್ಬ ನಾಯಕ. ಅವನ ಮಾತೇ ಒಪ್ಪಂದ. ಮೊಗಲರ ದಂಡಿಗೂ ಮರಾಠರ ದಂಡಿಗೂ ಅವರು ಧಾನ್ಯ ಒದಗಿಸಿದರು. ಇಂದು ಶತ್ರುವಿಗೆ ಮಾರಿದವರು ನಾಳೆ ತಮಗೂ ಬೇಕಾಗುವರೆಂಬ ಅರಿವಿನಿಂದ, ಕಾದಾಡುವ ಎರಡು ಪಕ್ಷಗಳೂ ಬಹುಮಟ್ಟಿಗೆ ಅವರ ತಂಟೆಗೆ ಹೋಗುತ್ತಿರಲಿಲ್ಲ.

ಈ ವ್ಯವಸ್ಥೆಯ ಬೆಲೆ ಕಂಪನಿಗೆ ತಿಳಿದದ್ದು 1791ರಲ್ಲಿ. ಆ ವರ್ಷದ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆಯನ್ನು ಹಿಡಿದ ಲಾರ್ಡ್ ಕಾರ್ನ್‌ವಾಲಿಸ್, ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಸಮೀಪಕ್ಕೆ ಬಂದನು. ಅರಕೆರೆಯ ಬಳಿ ನಡೆದ ಕಾಳಗದಲ್ಲಿ ಮೇಲುಗೈಯನ್ನೂ ಪಡೆದನು. ಆದರೆ ಮೇವಿಲ್ಲದೆ, ರೋಗ ತಗುಲಿ ಎತ್ತುಗಳು ಸತ್ತವು. ದಂಡಿನಲ್ಲಿ ಧಾನ್ಯ ತೀರಿತು. ಟಿಪ್ಪುವಿನ ಕುದುರೆ ಸವಾರರು ಹಿಂಬದಿಯ ದಾರಿಗಳನ್ನು ಕಡಿದುಹಾಕಿದ್ದರು. ಮುತ್ತಿಗೆಗೆಂದು ಅಷ್ಟು ದೂರ ಎಳೆದು ತಂದ ಭಾರೀ ತೋಪುಗಳನ್ನು ತನ್ನ ಕೈಯಾರೆ ನಾಶಮಾಡಿ ಅವನು ಹಿಂದಿರುಗಬೇಕಾಯಿತು. ದಾರಿಯಲ್ಲಿ ಎದುರಾದ ಮರಾಠರ ಪಾಳೆಯದ ಬಜಾರಿನಲ್ಲಿ ಧಾನ್ಯ ಹೇರಳವಾಗಿತ್ತು, ಬೆಲೆಯೂ ಅಷ್ಟೇ ಏರಿತ್ತು. ಹಸಿದ ದಂಡು ಬೆಲೆಯನ್ನು ಪ್ರಶ್ನಿಸುವ ಸ್ಥಿತಿಯಲ್ಲಿರಲಿಲ್ಲ.

ಮುಂದಿನ ತಿಂಗಳುಗಳಲ್ಲಿ ಕಂಪನಿ ಬಂಜಾರರನ್ನು ಒಲಿಸಿಕೊಂಡಿತು. 1792ರ ಫೆಬ್ರವರಿಯಲ್ಲಿ ಅದೇ ಕಾರ್ನ್‌ವಾಲಿಸ್ ಮತ್ತೆ ಶ್ರೀರಂಗಪಟ್ಟಣದ ಮುಂದೆ ನಿಂತಾಗ ದಂಡಿನ ಬಜಾರು ತುಂಬಿತ್ತು. ಬದಲಾದದ್ದೇನು? ಬಂಜಾರರಿಗೆ ಅಪ್ಪಣೆ ಕೊಡುವುದಕ್ಕಿಂತ ಅವರ ಲಾಭಕ್ಕೆ ಅವಕಾಶ ಕೊಡುವುದೇ ಮೇಲೆಂದು ಕಂಪನಿ ಕಲಿಯಿತು. ದಾರಿಯ ಅಪಾಯವನ್ನು ಹೊತ್ತವನಿಗೆ ಲಾಭದ ಪಾಲೂ ಸಿಗಬೇಕು. ಅವನ ಸರಕನ್ನು ಬಲವಂತವಾಗಿ ಕಸಿಯಬಾರದು. ಅವನ ಎತ್ತಿಗೂ ಜೀವಕ್ಕೂ ರಕ್ಷಣೆಯಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ತಾಂಡಾ ಬೇರೆ ದಾರಿ ಹಿಡಿಯುತ್ತಿತ್ತು.

ಹಾಗೆಂದು ಎಲ್ಲವನ್ನೂ ಪರರಿಗೆ ಒಪ್ಪಿಸುವುದೇ ಜಾಣತನವೆಂದು ಹೇಳಲಾಗದು. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಿಂದ ಬೆಣ್ಣೆ ಚಾವಡಿ ಎಂಬ ಅರಸೊತ್ತಿಗೆಯ ಜಾನುವಾರು ಇಲಾಖೆಯೊಂದಿತ್ತು. ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟನು. ಅಲ್ಲಿನ ಎತ್ತುಗಳ ವೇಗವೂ ತಾಳಿಕೆಯೂ ಹೆಸರಾಗಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಹಿಂಡುಗಳು ವಿಜೇತರ ವಶವಾದವು. 1803ರ ದಖ್ಖನ್ ಯುದ್ಧದಲ್ಲಿ ಆರ್ಥರ್ ವೆಲ್ಲೆಸ್ಲಿ ತೋಪುಗಳನ್ನು ಎಳೆಯಲು ಮೈಸೂರಿನ ಎತ್ತುಗಳನ್ನು ಬಳಸಿದನು, ಧಾನ್ಯಕ್ಕೆ ಬಂಜಾರರನ್ನು ನೆಚ್ಚಿದನು. ಒಂದು ಗಳಿಗೆ ತಡವಾದರೂ ಕಾಳಗ ಕೈತಪ್ಪುವ ಕೆಲಸ ಸ್ವಂತ ಹಿಡಿತದಲ್ಲಿರಬೇಕು. ಊರೂರು ಬಲ್ಲವನೇ ಮಾಡಬಹುದಾದ ಕೆಲಸ ಅವನಿಗೇ ಸಲ್ಲಬೇಕು. ಈ ವಿವೇಚನೆ ಇಂದಿಗೂ ಹಳತಾಗಿಲ್ಲ.

ಆದರೆ ಈ ಸಂಬಂಧದ ಕೊನೆಯ ಅಧ್ಯಾಯ ಹೆಮ್ಮೆ ಪಡುವಂಥದ್ದಲ್ಲ. ಯುದ್ಧಗಳು ನಿಂತವು, ರಸ್ತೆಗಳಲ್ಲಿ ಗಾಡಿಗಳು ಬಂದವು. 1864ರಲ್ಲಿ ಬೆಂಗಳೂರಿಗೆ ರೈಲೂ ಬಂದಿತು. ಹೇರೆತ್ತಿಗೆ ಕೆಲಸವಿಲ್ಲದಾಯಿತು. ದಂಡುಗಳಿಗೆ ಅನ್ನ ಮುಟ್ಟಿಸಿದವರಿಗೆ ಬೇರೊಂದು ಬದುಕು ಕಟ್ಟಿಕೊಳ್ಳಲು ನೆರವಾಗುವ ಬದಲು, ಆಳುವವರು ಅವರ ಅಲೆದಾಟವನ್ನೇ ಸಂಶಯದಿಂದ ಕಂಡರು. 1871ರಲ್ಲಿ ಆರಂಭವಾದ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಪಟ್ಟಿಗೆ ಕಾಲಕ್ರಮದಲ್ಲಿ ಹಲವು ಪ್ರಾಂತಗಳ ಬಂಜಾರ ಗುಂಪುಗಳೂ ಸೇರಿದವು. ಆ ಕಳಂಕ ಕಾಯಿದೆಯ ಮಟ್ಟಿಗೆ ತೊಲಗಿದ್ದು ಸ್ವಾತಂತ್ರ್ಯಾನಂತರ, 1952ರಲ್ಲಿ.

ಒಪ್ಪಂದಗಳು ಹೇಗೆ ಆರಂಭವಾದವೆಂಬುದನ್ನು ನಾವು ವಿವರವಾಗಿ ದಾಖಲಿಸುತ್ತೇವೆ. ಹೇಗೆ ಮುಗಿದವೆಂಬುದನ್ನು ಮರೆಯುತ್ತೇವೆ. ಸಾಗಣೆಯ ಸಂಬಂಧ ಗೆಲ್ಲುವುದು ಹೊತ್ತವನ ಲಾಭ, ಸ್ವಾತಂತ್ರ್ಯ, ಸುರಕ್ಷತೆಗಳನ್ನು ತನ್ನವೆಂದೇ ಎಣಿಸಿದಾಗ. ಅದು ನ್ಯಾಯವಾಗುವುದು, ಅಗತ್ಯ ತೀರಿದ ಮೇಲೂ ಅವನನ್ನು ಬೀದಿಪಾಲು ಮಾಡದಿದ್ದಾಗ. ಸಂಡೂರಿನ ಲಂಬಾಣಿ ಕಸೂತಿ ಇಂದು ಭೌಗೋಳಿಕ ಗುರುತನ್ನು ಪಡೆದಿದೆ. ಅದನ್ನು ನಾವು ಮೆಚ್ಚಿ ಕೊಳ್ಳುತ್ತೇವೆ. ಆ ಬಟ್ಟೆಯನ್ನು ಮಕ್ಕಳ ಕೈಗಿಡುವಾಗ, ಅದನ್ನು ಹೊಲಿದವರ ಹಿರಿಯರು ಒಂದು ಕಾಲದಲ್ಲಿ ಇಡೀ ದಖ್ಖನ್ನಿಗೆ ಧಾನ್ಯ ಹೊತ್ತವರೆಂಬ ಮಾತನ್ನೂ ನಾವು ಹೇಳೋಣ.